ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ಕೈ ತಪ್ಪದಿರಲು: ಸೇರುವ ದಿನದಿಂದ ಕೊನೆಯ ಪರೀಕ್ಷೆವರೆಗೆ ಹಂತ ಹಂತವಾಗಿ

ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ಅದೇ ಫೋನುಗಳು. "ಅಣ್ಣಾ, ಕ್ಯಾಂಪ್ ಒಂದೇ ಆಗಿದೆ, 'ಸಿ' ಪರೀಕ್ಷೆಗೆ ಬಿಡ್ತಾರಾ?" "ಅಣ್ಣಾ, ಲಿಸ್ಟಲ್ಲಿ ನನ್ನ ಹೆಸರೇ ಇಲ್ಲ." ಕೇಳುವವರು ಸೋಮಾರಿಗಳೇನಲ್ಲ. ಓಟದಲ್ಲಿ, ಡ್ರಿಲ್‌ನಲ್ಲಿ ಮುಂದಿರುವ ಹುಡುಗ ಹುಡುಗಿಯರೇ ಹೀಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ 'ಸಿ' ಪರೀಕ್ಷೆಯಲ್ಲಿ ಫೇಲಾದವರಿಗಿಂತ ಪರೀಕ್ಷೆಗೆ ಕೂರಲಿಕ್ಕೇ ಆಗದವರು ಜಾಸ್ತಿ. ಮೊದಲ ವರ್ಷ ಮಾಡಬೇಕಾದ ಕೆಲಸವನ್ನು ಮೂರನೇ ವರ್ಷಕ್ಕೆ ಇಟ್ಟುಕೊಂಡರೆ ಹೀಗೇ ಆಗುವುದು. ಅದಕ್ಕೇ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಲೆಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ. ನನಗೆ ಗೊತ್ತಿರುವುದು ಆರ್ಮಿ ವಿಂಗ್. ನೇವಿ, ಏರ್ ವಿಂಗ್‌ನವರಿಗೆ ವಿಶೇಷ ವಿಷಯಗಳು ಬೇರೆ ಇರುತ್ತವೆ, ಉಳಿದ ದಾರಿ ಹೆಚ್ಚುಕಡಿಮೆ ಇದೇ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಒಂದು ನೂರು ಪುಟದ ನೋಟ್‌ಬುಕ್. ಒಂದು ಪ್ಲಾಸ್ಟಿಕ್ ಫೈಲು. ಮೊಬೈಲಿನಲ್ಲಿ 'ಎನ್‌ಸಿಸಿ' ಅಂತ ಒಂದು ಫೋಲ್ಡರ್. ಕಪ್ಪು ಪಾಲಿಶ್, ಎರಡು ಬ್ರಷ್, ಹಿತ್ತಾಳೆ ಉಜ್ಜುವ ಬ್ರಾಸೊ, ಸೂಜಿ ದಾರ. ಪಾಸ್‌ಪೋರ್ಟ್ ಅಳತೆಯ ಹತ್ತು ಫೋಟೊ.

ನೋಟ್‌ಬುಕ್ ಯಾಕೆ ಅಂತ ನಗಬೇಡಿ. ಪ್ರತಿ ಪರೇಡಿನ ತಾರೀಕು, ಏನು ಕಲಿಸಿದರು, ಕಲಿಸಿದವರು ಯಾರು ಎಂದು ಎರಡು ಸಾಲು ಬರೆದಿಡಿ. ಹಾಜರಾತಿ ಜಗಳ ಬಂದಾಗ ನಿಮ್ಮ ಪರವಾಗಿ ಮಾತಾಡುವುದು ಈ ನೋಟ್‌ಬುಕ್ ಒಂದೇ.

ಹಂತ 1: ನಿಮಗೆ ಎಷ್ಟು ವರ್ಷ ಬಾಕಿ ಇದೆ, ಮೊದಲು ಎಣಿಸಿ

ಫಾರಂ ತರುವ ಮೊದಲೇ ಮಾಡಬೇಕಾದ ಲೆಕ್ಕ ಇದು. 'ಎ' ಸರ್ಟಿಫಿಕೇಟ್ ಹೈಸ್ಕೂಲಿನ ಜೂನಿಯರ್ ಡಿವಿಷನ್ ಅಥವಾ ಜೂನಿಯರ್ ವಿಂಗ್‌ನಲ್ಲಿ ಎರಡು ವರ್ಷ ಮಾಡಿದವರಿಗೆ. 'ಬಿ' ಮತ್ತು 'ಸಿ' ಕಾಲೇಜಿನವು. ಹುಡುಗರು ಸೀನಿಯರ್ ಡಿವಿಷನ್, ಹುಡುಗಿಯರು ಸೀನಿಯರ್ ವಿಂಗ್. 'ಬಿ' ಎರಡನೇ ವರ್ಷದಲ್ಲಿ, 'ಸಿ' ಮೂರನೇ ವರ್ಷದಲ್ಲಿ. 'ಎ' ಇಲ್ಲದಿದ್ದರೂ 'ಬಿ'ಗೆ ಕೂರಬಹುದು. 'ಬಿ' ಇಲ್ಲದೆ 'ಸಿ'ಗೆ ಕೂರಲು ಸಾಧ್ಯವೇ ಇಲ್ಲ.

ಈಗ ನಿಮ್ಮ ಕೋರ್ಸಿನ ಮೇಲೆ ಈ ಲೆಕ್ಕ ಇಟ್ಟು ನೋಡಿ. ಮೂರು ವರ್ಷದ ಡಿಗ್ರಿಯಲ್ಲಿ ಮೊದಲ ವರ್ಷವೇ ಸೇರಿದರೆ ಸರಿಯಾಗಿ ಮೂರು ವರ್ಷ ಸಿಗುತ್ತದೆ, ಒಂದು ದಿನವೂ ಜಾಸ್ತಿ ಇಲ್ಲ. "ಮೊದಲ ವರ್ಷ ಓದ್ಕೊಳ್ತೀನಿ, ಎರಡನೇ ವರ್ಷ ಸೇರ್ತೀನಿ" ಎಂದರೆ 'ಬಿ'ಗೇ ಕತೆ ಮುಗಿಯಿತು. ಇಂಜಿನಿಯರಿಂಗ್‌ನವರಿಗೆ ಒಂದು ವರ್ಷ ಉಸಿರಾಡಲು ಜಾಗ ಇದೆ, ಆದರೆ ಕೊನೆಯ ವರ್ಷ ಪ್ರಾಜೆಕ್ಟು, ಪ್ಲೇಸ್‌ಮೆಂಟು ಎಂದು ಅದನ್ನೂ ಕಳೆದುಕೊಳ್ಳುತ್ತಾರೆ.

ಪಿಯುಸಿಯಲ್ಲಿ ಸೇರಿದವರ ದಾರಿ ಬೇರೆ. ಪಿಯುಸಿಯ ಎರಡು ವರ್ಷದಲ್ಲಿ 'ಬಿ', ಆಮೇಲೆ ಡಿಗ್ರಿಯಲ್ಲಿ ಇನ್ನೊಂದು ವರ್ಷ ಮಾಡಿ 'ಸಿ'. ಕೇಳಲು ಚೆನ್ನಾಗಿದೆ, ಅಲ್ವಾ? ಇಲ್ಲಿ ಎರಡು ಗುಂಡಿಗಳಿವೆ. ಒಂದು, ಸಿಇಟಿ, ನೀಟ್ ಕೋಚಿಂಗ್ ಎಂದು ಸೆಕೆಂಡ್ ಪಿಯುಸಿಯಲ್ಲಿ ಪರೇಡೂ ಇಲ್ಲ, ಕ್ಯಾಂಪೂ ಇಲ್ಲ, ಹಾಗಾಗಿ 'ಬಿ'ಯೂ ಇಲ್ಲ. ಎರಡು, ಪಿಯುಸಿ ಮುಗಿದ ಮೇಲೆ ಸೇರಿದ ಕಾಲೇಜಿನಲ್ಲಿ ಎನ್‌ಸಿಸಿಯೇ ಇರುವುದಿಲ್ಲ, ಇದ್ದರೂ ಬೇರೆ ವಿಂಗ್ ಇರುತ್ತದೆ. ಅಡ್ಮಿಶನ್ ಮಾಡಿಸುವ ಮೊದಲೇ ಆ ಕಾಲೇಜಿನಲ್ಲಿ ಯಾವ ವಿಂಗ್ ಇದೆ, ಜಾಗ ಖಾಲಿ ಇದೆಯಾ ಎಂದು ಅಲ್ಲಿನ ಎಎನ್‌ಒ ಅವರನ್ನೇ ಕೇಳಿ. ಎಎನ್‌ಒ ಎಂದರೆ ಎನ್‌ಸಿಸಿ ನೋಡಿಕೊಳ್ಳುವ ಲೆಕ್ಚರರ್, ಅಸೋಸಿಯೇಟ್ ಎನ್‌ಸಿಸಿ ಆಫೀಸರ್. ಹಳೆಯ ಕಾಲೇಜಿನಿಂದ ಬರುವಾಗ ನಿಮಗೆ ಬೇಕಾಗಿರುವುದು ಟ್ರಾನ್ಸ್‌ಫರ್. ಅವರು ಕೊಟ್ಟ ಕಾಗದದಲ್ಲಿ ಏನಿದೆ ಎಂದು ಓದಿಯೇ ತೆಗೆದುಕೊಳ್ಳಿ. ಎಷ್ಟೋ ಜನ ಡಿಸ್‌ಚಾರ್ಜ್, ಅಂದರೆ ಎನ್‌ಸಿಸಿಯಿಂದಲೇ ಬಿಡುಗಡೆ, ಮಾಡಿಸಿಕೊಂಡು ಬಂದು ಮತ್ತೆ ಮೊದಲ ವರ್ಷದ ಸಾಲಿನಲ್ಲಿ ನಿಲ್ಲುತ್ತಾರೆ.

ಸೀನಿಯರ್ ಡಿವಿಷನ್‌ಗೆ 26 ವರ್ಷದವರೆಗೆ ಅವಕಾಶ ಇದೆ. ಹಾಗಾಗಿ ವಯಸ್ಸು ಅಡ್ಡ ಬರುವುದು ಕಡಿಮೆ, ಕೋರ್ಸಿನ ವರ್ಷಗಳೇ ಅಡ್ಡ ಬರುವುದು.

ಹಂತ 2: ಆಯ್ಕೆಯ ದಿನಕ್ಕೆ ತಯಾರಾಗಿ

ಕಾಲೇಜು ಶುರುವಾದ ಮೊದಲ ವಾರಗಳಲ್ಲೇ ಆಯ್ಕೆ ನಡೆಯುತ್ತದೆ. ನೋಟಿಸ್ ಬೋರ್ಡಿಗೆ ಕಾಯಬೇಡಿ, ಒಮ್ಮೊಮ್ಮೆ ಎರಡೇ ದಿನ ಮೊದಲು ಹಾಕುತ್ತಾರೆ. ಸೀಟು ಲೆಕ್ಕದ್ದೇ ಇರುತ್ತದೆ, ಅದು ತುಂಬಿದ ಮೇಲೆ ಪ್ರಿನ್ಸಿಪಾಲರು ಹೇಳಿದರೂ ಆಗುವುದಿಲ್ಲ.

ಎತ್ತರ, ತೂಕ ನೋಡುತ್ತಾರೆ, ಓಡಿಸುತ್ತಾರೆ, ಪುಷ್ ಅಪ್ ಮಾಡಿಸುತ್ತಾರೆ, ನಾಲ್ಕು ಪ್ರಶ್ನೆ ಕೇಳುತ್ತಾರೆ. ಒಂದೊಂದು ಕಾಲೇಜಿನಲ್ಲಿ ಒಂದೊಂದು ರೀತಿ. ಮೂರು ವಾರ ಮೊದಲಿಂದ ದಿನಾ ಬೆಳಗ್ಗೆ ಓಡಿದರೆ ಸಾಕು, ಮೊದಲ ದಿನವೇ ಐದು ಕಿಲೋಮೀಟರ್ ಓಡಿ ಮೊಣಕಾಲು ನೋಯಿಸಿಕೊಳ್ಳಬೇಡಿ. ಮೊದಲ ವಾರ ಓಟ ಮತ್ತು ನಡಿಗೆ ಬೆರೆಸಿ, ಎರಡನೇ ವಾರ ನಿಲ್ಲದೆ ನಿಧಾನಕ್ಕೆ, ಮೂರನೇ ವಾರ ಸ್ವಲ್ಪ ಜೋರು. ಆಯ್ಕೆಯ ದಿನ ಹಲವರು ಮೊದಲ ಸುತ್ತಿನಲ್ಲೇ ಶಕ್ತಿಯೆಲ್ಲ ಸುರಿದು ಮೂರನೇ ಸುತ್ತಿಗೆ ಕೂತುಬಿಡುತ್ತಾರೆ. ಹಿಂದೆಯೇ ಶುರು ಮಾಡಿ, ಪರವಾಗಿಲ್ಲ.

ಆಸ್ತಮಾ, ಫಿಟ್ಸ್, ಹೃದಯದ ತೊಂದರೆ ಇದ್ದರೆ ಮುಚ್ಚಿಡಬೇಡಿ. ಆಯ್ಕೆಯಲ್ಲಿ ಮುಚ್ಚಿಟ್ಟದ್ದು ಕ್ಯಾಂಪಿನ ಬಿಸಿಲಲ್ಲಿ ಹೊರಗೆ ಬರುತ್ತದೆ.

ಎನ್‌ಸಿಸಿಗೆ ಸೇರಲು ಶುಲ್ಕ ಇಲ್ಲ. ಸೀಟು ಕೊಡಿಸುತ್ತೇನೆ, ಸರ್ಟಿಫಿಕೇಟ್ ಮಾಡಿಸುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಅಲ್ಲೇ ನಿಲ್ಲಿಸಿ.

ಹಂತ 3: ಹೆಸರು, ಹುಟ್ಟಿದ ತಾರೀಕು, ಬ್ಯಾಂಕ್ ಖಾತೆ

ಚಿಕ್ಕ ಹಂತ, ಆದರೆ ಜಾಸ್ತಿ ಕಣ್ಣೀರು ಹಾಕಿಸುವುದು ಇದೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ಹೆಸರೇ ಎನ್‌ರೋಲ್‌ಮೆಂಟ್ ಫಾರಂನಲ್ಲಿ ಇರಬೇಕು. ಇನಿಷಿಯಲ್ ಹಿಂದೆ ಇದ್ದರೆ ಹಿಂದೆ, ಮುಂದೆ ಇದ್ದರೆ ಮುಂದೆ. ನನ್ನದೇ ಕತೆ ಹೇಳುತ್ತೇನೆ. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಅಂಕಪಟ್ಟಿಯಲ್ಲಿ ಒಂದೇ ಅಕ್ಷರ. ಫಾರಂ ತುಂಬುವಾಗ ಅವಸರದಲ್ಲಿ ಆಧಾರ್ ನೋಡಿ ಬರೆದೆ. ಮೂರು ವರ್ಷ ಆದ ಮೇಲೆ ಸರ್ಟಿಫಿಕೇಟ್ ಬಂತು, ಅಂಕಪಟ್ಟಿಗೆ ಹೊಂದಲಿಲ್ಲ. ತಿದ್ದಿಸಲು ಅಫಿಡವಿಟ್ಟು, ಅರ್ಜಿ, ಬಸ್ಸು ಎಂದು ತಿಂಗಳುಗಟ್ಟಲೆ ಓಡಾಡಿದೆ. ತಪ್ಪು ನನ್ನದೇ, ಐದು ನಿಮಿಷದ್ದು.

ಫಾರಂಗೆ ಸಾಮಾನ್ಯವಾಗಿ ಬೇಕಾಗುವುದು: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಫೋಟೊ, ಬ್ಲಡ್ ಗ್ರೂಪ್, ವೈದ್ಯರ ಫಿಟ್‌ನೆಸ್ ಪತ್ರ, ಅಪ್ಪ ಅಮ್ಮನ ಸಹಿ, ಪಾಸ್‌ಬುಕ್ ಜೆರಾಕ್ಸ್, ಇದ್ದರೆ 'ಎ' ಸರ್ಟಿಫಿಕೇಟ್. 'ಎ' ಇದ್ದವರಿಗೆ 'ಬಿ' ಪರೀಕ್ಷೆಯಲ್ಲಿ ಬೋನಸ್ ಅಂಕ ಇದೆ, ಮರೆಯದೆ ಲಗತ್ತಿಸಿ.

ಖಾತೆ ನಿಮ್ಮ ಹೆಸರಿನಲ್ಲೇ ಇರಬೇಕು, ಆಧಾರ್ ಜೋಡಣೆ ಆಗಿರಬೇಕು, ಚಾಲ್ತಿಯಲ್ಲಿ ಇರಬೇಕು. ಸಮವಸ್ತ್ರದ ಹಣ ಈಗ ನೇರ ಖಾತೆಗೆ ಬರುವ ವ್ಯವಸ್ಥೆ. ಕೆಡೆಟ್‌ಗಳಿಗೆ 2023ರಲ್ಲಿ ಎಸ್‌ಬಿಐ ಜೊತೆ 'ಪೆಹಲಿ ಉಡಾನ್' ಎಂಬ ಜೀರೋ ಬ್ಯಾಲೆನ್ಸ್ ಖಾತೆಯ ಯೋಜನೆ ಬಂದಿದೆ, ಖಾತೆ ಇಲ್ಲದವರು ಅದನ್ನೇ ಕೇಳಿ. ಅಮ್ಮನ ಖಾತೆ ನಂಬರ್ ಕೊಟ್ಟು ಆಮೇಲೆ "ದುಡ್ಡು ಬಂದಿಲ್ಲ" ಎಂದರೆ ಯಾರೂ ಏನೂ ಮಾಡಲಾಗದು.

ಫಾರಂ ಕೊಟ್ಟು ಸುಮ್ನೆ ಕೂರಬೇಡಿ. ಒಂದೆರಡು ತಿಂಗಳಲ್ಲಿ ನಿಮಗೆ ರೆಜಿಮೆಂಟಲ್ ನಂಬರ್, ಅಂದರೆ ಎನ್‌ಸಿಸಿಯಲ್ಲಿ ನಿಮ್ಮ ನೋಂದಣಿ ಸಂಖ್ಯೆ, ಬರಬೇಕು. ದಸರಾ ರಜೆ ಮುಗಿದರೂ ಅದು ಬಂದಿಲ್ಲ ಎಂದರೆ ಎಚ್ಚೆತ್ತುಕೊಳ್ಳಿ. ಪರೇಡಿಗೆ ಬರುತ್ತಾ, ಬೆವರು ಸುರಿಸುತ್ತಾ, ದಾಖಲೆಯಲ್ಲಿ ಮಾತ್ರ ಇಲ್ಲದ ಕೆಡೆಟ್ ಆಗಿ ಒಂದು ವರ್ಷ ಕಳೆದವರನ್ನು ನಾನು ಕಂಡಿದ್ದೇನೆ. ನಂಬರ್ ಬಂದ ದಿನವೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ.

ಹಂತ 4: ಸಮವಸ್ತ್ರ ಮತ್ತು ಬೂಟು

ಬೂಟಿನಿಂದ ಶುರು ಮಾಡಿ. ಹೊಸ ಬೂಟು ಹಾಕಿಕೊಂಡು ನೇರ ಕ್ಯಾಂಪಿಗೆ ಹೋದವರ ಹಿಮ್ಮಡಿ ಎರಡನೇ ದಿನಕ್ಕೆ ಬೊಬ್ಬೆ, ಮೂರನೇ ದಿನಕ್ಕೆ ಎಂಐ ರೂಮ್, ಅಂದರೆ ಕ್ಯಾಂಪಿನ ಚಿಕಿತ್ಸಾ ಕೋಣೆ. ಸಿಕ್ಕ ಕೂಡಲೇ ದಪ್ಪ ಸಾಕ್ಸ್ ಹಾಕಿ ಮನೆಯಲ್ಲಿ ದಿನಾ ಅರ್ಧ ಗಂಟೆ ನಡೆಯಿರಿ, ಎರಡು ವಾರ. ಅಳತೆ ತಪ್ಪಿದ್ದರೆ ಮೊದಲ ವಾರವೇ ಬದಲಿಸಿಕೊಳ್ಳಿ, "ಸವೆದರೆ ಸರಿಹೋಗುತ್ತೆ" ಎನ್ನುವುದು ಉದ್ದಕ್ಕೆ ಮಾತ್ರ ಸುಳ್ಳು.

ಬೆರೆ ಟೋಪಿ ಹೊಸದಿದ್ದಾಗ ಬಾಣಲೆ ಇಟ್ಟಂತೆ ಕಾಣುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡಿ, ತಲೆಗೆ ಹಾಕಿಕೊಂಡು ಬ್ಯಾಜ್ ಎಡಗಣ್ಣಿನ ಮೇಲೆ ಬರುವಂತೆ ಕೂರಿಸಿ ಬಲಕ್ಕೆ ಎಳೆದು ಹಾಗೇ ಒಣಗಿಸಿ. ಎರಡು ಸಲ ಮಾಡಿದರೆ ಆಕಾರ ಬರುತ್ತದೆ. ಪಾಲಿಶ್ ತೆಳ್ಳಗೆ ಹಚ್ಚಿ, ಹತ್ತಿಯನ್ನು ಒಂದು ಹನಿ ನೀರಿನಲ್ಲಿ ಅದ್ದಿ ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜಿ. ಒಂದೇ ಸಲ ಅರ್ಧ ಡಬ್ಬಿ ಬಳಿದರೆ ಹೊಳೆಯುವುದಿಲ್ಲ, ಧೂಳು ಹಿಡಿಯುತ್ತದೆ ಅಷ್ಟೆ. ಬೆಲ್ಟಿನ ಹಿತ್ತಾಳೆಗೆ ಬ್ರಾಸೊ ಹಚ್ಚುವಾಗ ಪಟ್ಟಿಗೆ ತಾಗದಂತೆ ಕೆಳಗೆ ರಟ್ಟಿನ ತುಂಡು ಇಡಿ.

ಹಂತ 5: ಹಾಜರಾತಿ ಎಂಬ ಬೇಲಿ

75 ಶೇಕಡಾ. ಇದಕ್ಕಿಂತ ಕೆಳಗೆ ಹೋದರೆ ಪರೀಕ್ಷೆಗೆ ಹೆಸರು ಹೋಗುವುದಿಲ್ಲ. ಕಾಲೇಜಿನ ತರಗತಿ ಹಾಜರಾತಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಪರೇಡಿನ, ಎನ್‌ಸಿಸಿ ತರಗತಿಯ ಹಾಜರಾತಿ.

ಎಲ್ಲರೂ ಮಾಡುವ ತಪ್ಪು ಏನೆಂದರೆ, ಒಟ್ಟು ಲೆಕ್ಕ ವರ್ಷದ ಕೊನೆಗೆ ಹಾಕುವುದು. ತಿಂಗಳ ಕೊನೆಗೆ ಹಾಕಿ. ನಾಲ್ಕು ಪರೇಡ್ ಆಗಿದ್ದರೆ ಮೂರಕ್ಕೆ ಹೋಗಿರಬೇಕು, ಲೆಕ್ಕ ಇಷ್ಟೇ. ಯೂನಿಟ್‌ನಿಂದ (ನಿಮ್ಮ ಕಾಲೇಜಿನ ಎನ್‌ಸಿಸಿ ನೋಡಿಕೊಳ್ಳುವ ಬೆಟಾಲಿಯನ್ ಕಚೇರಿ) ಬರುವ ಪಿಐ ಸ್ಟಾಫ್, ಅಂದರೆ ನಮಗೆ ಡ್ರಿಲ್ ಕಲಿಸುವ ಸೇನೆಯ ಹವಾಲ್ದಾರರು, ತಲೆ ಎಣಿಸಿ ಬರೆದುಕೊಳ್ಳುವಾಗ ನೀವು ತಡವಾಗಿ ಬಂದು ಹಿಂದೆ ಸೇರಿಕೊಂಡರೆ ಆ ದಿನ ಬೆವರು ನಿಮ್ಮದು, ಹಾಜರಾತಿ ಇಲ್ಲ. ಫಾಲ್ ಇನ್‌ಗೆ, ಅಂದರೆ ಎಲ್ಲರೂ ಸಾಲಾಗಿ ನಿಲ್ಲುವ ಹೊತ್ತಿಗೆ, ಹತ್ತು ನಿಮಿಷ ಮೊದಲೇ ಇರಿ.

ಹುಷಾರಿಲ್ಲದಿದ್ದರೆ ಮೊದಲೇ ತಿಳಿಸಿ, ಬಂದ ಮೇಲೆ ಚೀಟಿ ಕೊಡಿ. ಗೆಳೆಯನ ಕೈಲಿ "ಪ್ರೆಸೆಂಟ್ ಸರ್" ಎಂದು ಕೂಗಿಸಬೇಡಿ. ಕಾಲೇಜಿನ ಕೊನೆಯ ಬೆಂಚಿನಲ್ಲಿ ನಡೆಯಬಹುದು, ಮೂರು ಸಾಲಿನ ಸ್ಕ್ವಾಡಿನಲ್ಲಿ ಖಾಲಿ ಜಾಗ ದೂರದಿಂದಲೇ ಕಾಣುತ್ತದೆ.

ಸ್ವಾತಂತ್ರ್ಯ ದಿನದ ಪರೇಡ್, ರಕ್ತದಾನ ಶಿಬಿರ, ಸಸಿ ನೆಡುವುದು, ಸ್ವಚ್ಛತಾ ಕೆಲಸ, ಇವೂ ತರಬೇತಿಯ ಭಾಗವೇ. ಫೋಟೊಗೆ ಮಾತ್ರ ಬರುವವರನ್ನು ಎಎನ್‌ಒ ನೆನಪಿಟ್ಟುಕೊಳ್ಳುತ್ತಾರೆ, ರ‍್ಯಾಂಕ್ ಕೊಡುವಾಗ ಅದು ಗೊತ್ತಾಗುತ್ತದೆ.

ಕೆಲವು ವಿಶ್ವವಿದ್ಯಾಲಯಗಳಲ್ಲಿ ಎನ್‌ಸಿಸಿಯನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡು ಕ್ರೆಡಿಟ್ ಪಡೆಯಬಹುದು. ಆ ಅಂಕಪಟ್ಟಿ ಬೇರೆ, 'ಬಿ', 'ಸಿ' ಸರ್ಟಿಫಿಕೇಟ್ ಬೇರೆ. ಒಂದು ಪಾಸಾದರೆ ಇನ್ನೊಂದು ತಾನಾಗಿ ಬರುವುದಿಲ್ಲ.

ಹಂತ 6: ಡ್ರಿಲ್ ಕಲಿಯುವ ಸರಿಯಾದ ಕ್ರಮ

ಹೊಸಬರು ವಿಡಿಯೊ ನೋಡಿ ನೇರ ಸಲ್ಯೂಟ್, ತೇಜ್ ಚಲ್‌ಗೆ (ವೇಗದ ಕವಾಯತು ನಡಿಗೆ) ಹಾರುತ್ತಾರೆ. ಕ್ರಮ ಹೀಗಿರಲಿ: ಸಾವಧಾನ್ (ನೆಟ್ಟಗೆ ನಿಲ್ಲುವುದು), ವಿಶ್ರಾಮ್ (ಕಾಲು ಅಗಲಿಸಿ ನಿಲ್ಲುವುದು), ಆರಾಮ್ ಸೆ (ಮೈ ಸಡಿಲ ಬಿಡುವುದು). ಆಮೇಲೆ ನಿಂತಲ್ಲೇ ತಿರುಗುವುದು: ದಾಹಿನೆ ಮುಡ್ (ಬಲಕ್ಕೆ), ಬಾಯೆ ಮುಡ್ (ಎಡಕ್ಕೆ), ಪೀಛೆ ಮುಡ್ (ಹಿಂದಕ್ಕೆ). ಆಮೇಲೆ ಕದಮ್ ತಾಲ್ (ನಿಂತಲ್ಲೇ ಹೆಜ್ಜೆ ಹಾಕುವುದು). ಆಮೇಲೆ ತೇಜ್ ಚಲ್ ಮತ್ತು ಥಮ್ (ನಿಲ್ಲುವುದು). ಸಲ್ಯೂಟ್ ಇವೆಲ್ಲ ಆದ ಮೇಲೆ. ಕೊನೆಗೆ ರೈಫಲ್ ಜೊತೆ.

ಸಾವಧಾನ್‌ನಲ್ಲಿ ಹಿಮ್ಮಡಿ ಕೂಡಿರಬೇಕು, ಪಾದಗಳ ನಡುವೆ 30 ಡಿಗ್ರಿ ಕೋನ. ಮುಷ್ಟಿ ಮುಚ್ಚಿ ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ತಾಗಿರಬೇಕು. ವಿಶ್ರಾಮ್‌ನಲ್ಲಿ ಕಾಲುಗಳ ನಡುವೆ 12 ಇಂಚು. ತೇಜ್ ಚಲ್ ನಿಮಿಷಕ್ಕೆ 120 ಹೆಜ್ಜೆ. ಮೊಬೈಲಿನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿ 120ಕ್ಕೆ ಇಟ್ಟು ಮನೆಯ ತಾರಸಿ ಮೇಲೆ ನಡೆಯಿರಿ, ಒಂದು ವಾರದಲ್ಲಿ ಕಾಲಿಗೆ ತಾಳ ಹತ್ತುತ್ತದೆ. ಸೇನೆಯ ಸಲ್ಯೂಟ್‌ನಲ್ಲಿ ಅಂಗೈ ಮುಂದಕ್ಕೆ, ತೋರುಬೆರಳು ಬಲ ಹುಬ್ಬಿನಿಂದ ಒಂದು ಇಂಚು ಮೇಲೆ. ನೇವಿ, ಏರ್ ವಿಂಗ್‌ನ ಸಲ್ಯೂಟ್ ಬೇರೆ, ಗೆಳೆಯರನ್ನು ನೋಡಿ ನಕಲು ಮಾಡಬೇಡಿ.

ಬಲಗಾಲಿನ ಜೊತೆ ಬಲಗೈಯೇ ಹೋಗುವುದು ಬಹಳ ಜನರ ಕಾಯಿಲೆ. ಇದಕ್ಕೆ ಬೈಗುಳ ಮದ್ದಲ್ಲ. ಹೆದರಿ ಮೈ ಬಿಗಿ ಮಾಡಿಕೊಂಡಾಗಲೇ ಹೀಗಾಗುವುದು. ಕೈ ಬಿಟ್ಟು ಸುಮ್ನೆ ಅಂಗಡಿಗೆ ಹೋದ ಹಾಗೆ ಇಪ್ಪತ್ತು ಹೆಜ್ಜೆ ನಡೆಯಿರಿ, ಕೈ ತಾನಾಗಿ ಸರಿಯಾಗುತ್ತದೆ, ಅಲ್ಲಿಂದಲೇ ನಿಧಾನಕ್ಕೆ ಮೇಲೆತ್ತುತ್ತಾ ಹೋಗಿ.

ಇನ್ನೊಂದು ಮಾತು. ಪರೀಕ್ಷೆಯಲ್ಲಿ ನೀವು ಡ್ರಿಲ್ ಮಾಡಿ ತೋರಿಸಿದರೆ ಮುಗಿಯುವುದಿಲ್ಲ, ಸ್ಕ್ವಾಡಿಗೆ ಕಮಾಂಡ್ ಕೊಡಲೂ ಹೇಳುತ್ತಾರೆ. ಕಮಾಂಡಿಗೆ ಎರಡು ಭಾಗ. ಮೊದಲನೆಯದು ಎಳೆದು ಎಚ್ಚರಿಸುವುದು, ಎರಡನೆಯದು ಥಟ್ಟನೆ ಹೊಡೆಯುವುದು. ನಡುವೆ ಉಸಿರಿನಷ್ಟು ಬಿಡುವು. ಗಂಟಲಿನಿಂದ ಕಿರುಚಿದರೆ ಹತ್ತು ನಿಮಿಷದಲ್ಲಿ ಧ್ವನಿ ಹೋಗುತ್ತದೆ, ಹೊಟ್ಟೆಯಿಂದ ಬರಬೇಕು. ಥಮ್ ಯಾವ ಕಾಲಿನ ಮೇಲೆ ಬೀಳಬೇಕು ಎನ್ನುವುದನ್ನು ಉಸ್ತಾದರ (ಕಲಿಸುವ ಹವಾಲ್ದಾರರ) ಪಕ್ಕ ನಿಂತು ಕಲಿಯಿರಿ, ಇದು ಓದಿ ಬರುವ ವಿದ್ಯೆ ಅಲ್ಲ.

ಹಂತ 7: ಕ್ಯಾಂಪು, ಇಲ್ಲೇ ಲೆಕ್ಕ ತಪ್ಪುವುದು

'ಬಿ'ಗೆ ಒಂದು ಕ್ಯಾಂಪ್ ಆಗಿರಬೇಕು. 'ಸಿ'ಗೆ ಎರಡು: ಎರಡೂ ವಾರ್ಷಿಕ ತರಬೇತಿ ಶಿಬಿರ ಆಗಿರಬಹುದು, ಅಥವಾ ಒಂದು ವಾರ್ಷಿಕ ಶಿಬಿರ ಮತ್ತು ಒಂದು ಕೇಂದ್ರ ಮಟ್ಟದ ಶಿಬಿರ. ದೆಹಲಿಯ ಗಣರಾಜ್ಯೋತ್ಸವ ಶಿಬಿರ, ಥಲ್ ಸೈನಿಕ್ ಕ್ಯಾಂಪ್, ರಾಷ್ಟ್ರೀಯ ಭಾವೈಕ್ಯ ಶಿಬಿರ, ಏಕ್ ಭಾರತ್ ಶ್ರೇಷ್ಠ ಭಾರತ್ ಶಿಬಿರ ಎರಡನೆಯ ಬಗೆಯವು.

ಮೊದಲ ವರ್ಷವೇ ಒಂದು ವಾರ್ಷಿಕ ಶಿಬಿರ ಮುಗಿಸಿ. ಸಾಧಾರಣವಾಗಿ ಹತ್ತು ದಿನ. "ಸೆಮಿಸ್ಟರ್ ಪರೀಕ್ಷೆ ಹತ್ತಿರ ಇದೆ, ಮುಂದಿನದಕ್ಕೆ ಹೋಗ್ತೀನಿ" ಎನ್ನುವವರಿಗೆ ಒಂದು ವಿಷಯ ಗೊತ್ತಿರಲಿ, ಪ್ರತಿ ಕ್ಯಾಂಪಿಗೂ ಕಾಲೇಜಿಗೆ ಇಂತಿಷ್ಟೇ ಜನ ಎಂದು ಇರುತ್ತದೆ. ಮುಂದಿನದರಲ್ಲಿ ನಿಮಗೆ ಜಾಗ ಇದ್ದೇ ಇರುತ್ತದೆ ಎಂದು ಯಾರೂ ಬರೆದು ಕೊಟ್ಟಿಲ್ಲ. ಮೂರನೇ ವರ್ಷ ಎರಡನೇ ಕ್ಯಾಂಪಿಗಾಗಿ ಬೇರೆ ಬೇರೆ ಯೂನಿಟ್‌ಗಳ ಬಾಗಿಲು ತಟ್ಟುವವರು ಇವರೇ.

ಟ್ರಂಕಿಗೆ ಅಥವಾ ಬ್ಯಾಗಿಗೆ ಹಾಕಿಕೊಳ್ಳಬೇಕಾದ್ದು: ಒಳ್ಳೆಯ ಬೀಗ, ತಟ್ಟೆ ಲೋಟ, ಟಾರ್ಚ್, ಹೊದಿಕೆ, ಸೊಳ್ಳೆ ಪರದೆ, ಬಟ್ಟೆ ಒಣಗಿಸುವ ಹಗ್ಗ ಮತ್ತು ಕ್ಲಿಪ್ಪು, ಪಿಟಿ ಶೂ, ಮೂರು ಜೊತೆ ಸಾಕ್ಸ್, ಓಆರ್‌ಎಸ್, ಬ್ಯಾಂಡೇಜ್, ನಿಮ್ಮ ದಿನದ ಮಾತ್ರೆ ಇದ್ದರೆ ಅದು ಮತ್ತು ಚೀಟಿ. ಹುಡುಗಿಯರು ಪ್ಯಾಡ್ ಬೇಕಾದ್ದಕ್ಕಿಂತ ಎರಡರಷ್ಟು ಇಟ್ಟುಕೊಳ್ಳಿ, ಜೊತೆಯವಳಿಗೂ ಬೇಕಾಗುತ್ತದೆ. ಚಿನ್ನ ಬೇಡ. ಎಲ್ಲದರ ಮೇಲೂ ಹೆಸರು ಬರೆಯಿರಿ, ನೂರಾರು ಸ್ಟೀಲ್ ತಟ್ಟೆಯಲ್ಲಿ ನಿಮ್ಮದು ಯಾವುದು ಎಂದು ಗೊತ್ತಾಗುವುದಿಲ್ಲ.

ಪರೇಡಿನಲ್ಲಿ ತಲೆ ತಿರುಗಿ ಬೀಳುವವರು ಹೆಚ್ಚಾಗಿ ತಿಂಡಿ ಬಿಟ್ಟು ಬಂದವರು. ಲಂಗರಿನ (ಕ್ಯಾಂಪಿನ ಊಟದ ಜಾಗ) ಸಾಲು ಉದ್ದ ಇದೆ ಎಂದು ತಿನ್ನದೆ ಫಾಲ್ ಇನ್‌ಗೆ ಓಡಬೇಡಿ. ಸಾವಧಾನ್‌ನಲ್ಲಿ ಬಹಳ ಹೊತ್ತು ನಿಂತಾಗ ಬೂಟಿನೊಳಗೆ ಕಾಲ್ಬೆರಳು ಆಡಿಸುತ್ತಾ ಇರಿ, ಹೊರಗೆ ಕಾಣುವುದಿಲ್ಲ. ಕಿವಿ ಗುಂಯ್ ಎನ್ನುವುದು, ಕಣ್ಣ ಅಂಚು ಕಪ್ಪಾಗುವುದು, ತಣ್ಣನೆಯ ಬೆವರು, ವಾಕರಿಕೆ, ಇವು ಬೀಳುವ ಮೊದಲಿನ ಸೂಚನೆ. ಹೇಳಿ ಕೂತುಬಿಡಿ. ಮರ್ಯಾದೆ ಪ್ರಶ್ನೆ ಮಾಡಿಕೊಂಡು ನಿಂತವನೇ ಮುಖ ಅಡಿಯಾಗಿ ಬಿದ್ದು ಹಲ್ಲು ಮುರಿದುಕೊಳ್ಳುವುದು. ಬಿಸಿಲಲ್ಲಿ ಯಾರಾದರೂ ತೊದಲಿದರೆ, ಎಲ್ಲಿದ್ದೇನೆ ಎಂದು ಗೊತ್ತಾಗದೆ ಒದ್ದಾಡಿದರೆ ಅದು ಸಾಮಾನ್ಯ ಸುಸ್ತಲ್ಲ. ನೆರಳಿಗೆ ಎತ್ತಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕುತ್ತಾ ತಕ್ಷಣ ಡಾಕ್ಟರನ್ನು ಕರೆಸಿ.

ಶಿಸ್ತಿನ ಹೆಸರಲ್ಲಿ ಸೀನಿಯರ್ ಕೆಡೆಟ್‌ಗಳು ಕೈ ಎತ್ತುವುದು, ರಾತ್ರಿ ಎಬ್ಬಿಸಿ ರಗಡಾ (ಶಿಕ್ಷೆಯ ಕಸರತ್ತು) ಕೊಡುವುದು ಇದ್ದರೆ ಅದನ್ನು ತರಬೇತಿ ಎಂದು ನುಂಗಿಕೊಳ್ಳಬೇಡಿ. ಹೊಡೆಯುವ ಹಕ್ಕು ಯಾವ ಸೀನಿಯರ್‌ಗೂ ಇಲ್ಲ. ಎಎನ್‌ಒ ಅಥವಾ ಹುಡುಗಿಯರ ಜೊತೆಗಿರುವ ಜಿಸಿಐ (ಗರ್ಲ್ ಕೆಡೆಟ್ ಇನ್‌ಸ್ಟ್ರಕ್ಟರ್) ಅವರಿಗೆ ಹೇಳಿ, ಅಲ್ಲೂ ಆಗದಿದ್ದರೆ ಕ್ಯಾಂಪ್ ಕಮಾಂಡೆಂಟ್‌ವರೆಗೆ ಹೋಗಿ.

ನಡುವೆ ಮನೆಗೆ ಓಡಿ ಬರಬೇಡಿ. ಅರ್ಧ ಕ್ಯಾಂಪ್ ಎಂದರೆ ಲೆಕ್ಕಕ್ಕೆ ಸೊನ್ನೆ ಆಗುವ ಸಾಧ್ಯತೆಯೇ ಹೆಚ್ಚು. ಮುಗಿದ ದಿನ ಕ್ಯಾಂಪ್ ಸರ್ಟಿಫಿಕೇಟ್ ಇಸ್ಕೊಂಡು, ಹೆಸರು, ನಂಬರ್, ತಾರೀಕು ನೋಡಿ, ಬಸ್ ಹತ್ತುವ ಮೊದಲೇ ಫೋಟೊ ತೆಗೆದು ಫೋಲ್ಡರಿಗೆ ಹಾಕಿ.

ಹಂತ 8: 'ಬಿ' ಪರೀಕ್ಷೆ

ಆರ್ಮಿ ವಿಂಗ್‌ನಲ್ಲಿ ಒಟ್ಟು 500 ಅಂಕ. ಡ್ರಿಲ್ 90, ವೆಪನ್ ಟ್ರೈನಿಂಗ್ 60, ಸಾಮಾನ್ಯ ವಿಷಯಗಳು 200, ವಿಶೇಷ ವಿಷಯಗಳು 150. ಒಟ್ಟು ಚೆನ್ನಾಗಿ ಬಂದರೆ ಸಾಲದು, ಪ್ರತಿ ಪತ್ರಿಕೆಯಲ್ಲೂ ಕನಿಷ್ಠ 33 ಶೇಕಡಾ ಬರಬೇಕು. ಅಂದರೆ 60ರ ವೆಪನ್ ಪತ್ರಿಕೆಯನ್ನು ಸಣ್ಣದೆಂದು ಬಿಟ್ಟವರು ಉಳಿದ ಮೂರರಲ್ಲಿ ಎಷ್ಟೇ ತೆಗೆದರೂ ಫೇಲು.

ಅಂಕ ಜಾಸ್ತಿ ಇರುವುದು ಸಾಮಾನ್ಯ ವಿಷಯಗಳಿಗೆ: ಎನ್‌ಸಿಸಿ ರಚನೆ, ರಾಷ್ಟ್ರೀಯ ಭಾವೈಕ್ಯ, ವ್ಯಕ್ತಿತ್ವ ವಿಕಸನ, ನಾಯಕತ್ವ, ವಿಪತ್ತು ನಿರ್ವಹಣೆ, ಆರೋಗ್ಯ, ಸಮಾಜ ಸೇವೆ. ಡ್ರಿಲ್ ಹುಲಿಗಳು ಎಡವುವುದು ಇಲ್ಲಿ. ದಿನಕ್ಕೆ ಅರ್ಧ ಗಂಟೆಯಂತೆ ಒಂದು ತಿಂಗಳು ಓದಿದರೆ ಆಗುತ್ತದೆ. ನಿಮ್ಮ ನೋಟ್‌ಬುಕ್ಕೇ ಅರ್ಧ ಸಿಲಬಸ್ ಮುಗಿಸಿರುತ್ತದೆ.

ಹಂತ 9: 'ಸಿ' ಪರೀಕ್ಷೆಗೆ ಆರು ತಿಂಗಳು ಮೊದಲಿನಿಂದ

ಮೂರನೇ ವರ್ಷದ ಆಗಸ್ಟ್‌ನಲ್ಲೇ ಎಎನ್‌ಒ ಹತ್ತಿರ ಕೂತು ನಾಲ್ಕು ವಿಷಯ ಖಚಿತ ಮಾಡಿಕೊಳ್ಳಿ. 'ಬಿ' ಸರ್ಟಿಫಿಕೇಟ್ ಅಥವಾ ಅದರ ಫಲಿತಾಂಶ ದಾಖಲಾಗಿದೆಯಾ, ಎರಡು ಕ್ಯಾಂಪ್ ದಾಖಲಾಗಿವೆಯಾ, ಈ ವರ್ಷದ ಹಾಜರಾತಿ ಎಲ್ಲಿದೆ, ಹೆಸರು ಸರಿಯಿದೆಯಾ. ನಾಲ್ಕರಲ್ಲಿ ಒಂದು ಕೊರತೆ ಇದ್ದರೂ ಆಗಸ್ಟ್‌ನಲ್ಲಿ ತುಂಬಿಸಲು ದಾರಿ ಇರುತ್ತದೆ, ಜನವರಿಯಲ್ಲಿ ಇರುವುದಿಲ್ಲ.

ಓದಿನಲ್ಲಿ ಜನ ಹೆದರುವುದು ಮ್ಯಾಪ್ ರೀಡಿಂಗ್‌ಗೆ. ನಿಜ ಹೇಳಬೇಕೆಂದರೆ ಅಂಕ ಸುಲಭವಾಗಿ ಸಿಗುವುದೇ ಅಲ್ಲಿ. ಗ್ರಿಡ್, ಅಂದರೆ ನಕ್ಷೆಯ ಚೌಕದ ನಂಬರ್, ಹೇಳುವಾಗ ಮೊದಲು ಈಸ್ಟಿಂಗ್ (ಪೂರ್ವದ ಕಡೆಗೆ ಎಣಿಸುವ ಗೆರೆ), ಆಮೇಲೆ ನಾರ್ಥಿಂಗ್ (ಉತ್ತರದ ಕಡೆಗೆ ಎಣಿಸುವ ಗೆರೆ). ಮನೆ ಒಳಗೆ ನಡೆದು ಹೋಗಿ ಆಮೇಲೆ ಮೆಟ್ಟಿಲು ಹತ್ತುವ ಹಾಗೆ, ಅಡ್ಡ ಮೊದಲು, ಮೇಲೆ ಆಮೇಲೆ. ಈಸ್ಟಿಂಗ್ 24, ನಾರ್ಥಿಂಗ್ 61 ಆದರೆ ನಾಲ್ಕಂಕಿ ಗ್ರಿಡ್ 2461. ತಿರುವು ಮುರುವು ಮಾಡಿದರೆ ನೀವು ಬೇರೆ ಊರಿನಲ್ಲಿ ಇರುತ್ತೀರಿ. ಆರಂಕಿಗೆ ಆ ಚೌಕವನ್ನು ಎರಡೂ ಕಡೆ ಮನಸ್ಸಿನಲ್ಲೇ ಹತ್ತು ಭಾಗ ಮಾಡಿ. 1:50,000 ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಬೇರಿಂಗ್ ಎಂದರೆ ಉತ್ತರದಿಂದ ಅಳೆದ ದಿಕ್ಕಿನ ಕೋನ, ಬ್ಯಾಕ್ ಬೇರಿಂಗ್ ಎಂದರೆ ಅದರ ವಾಪಸ್ ದಿಕ್ಕು. ಬ್ಯಾಕ್ ಬೇರಿಂಗ್‌ಗೆ ಕೊಟ್ಟ ಬೇರಿಂಗ್ 180ಕ್ಕಿಂತ ಕಡಿಮೆ ಇದ್ದರೆ 180 ಕೂಡಿಸಿ, ಹೆಚ್ಚಿದ್ದರೆ ಕಳೆಯಿರಿ. 70ಕ್ಕೆ 250, 210ಕ್ಕೆ 30. ಇಷ್ಟನ್ನು ದಿನಾ ಹತ್ತು ಲೆಕ್ಕದಂತೆ ಎರಡು ವಾರ ಮಾಡಿ.

ವೆಪನ್‌ಗೆ ಬಂದರೆ, .22 ರೈಫಲ್‌ನ ಭಾಗಗಳ ಹೆಸರು, ಬಿಚ್ಚಿ ಜೋಡಿಸುವ ಕ್ರಮ, ಪುಲ್‌ಥ್ರೂ (ನಳಿಗೆಯೊಳಗೆ ಎಳೆಯುವ ಹಗ್ಗ) ಮತ್ತು ಚಿಂದಿ ಹಾಕಿ ನಳಿಗೆ ಸ್ವಚ್ಛ ಮಾಡುವುದು ಬಾಯಿಪಾಠ ಆಗಿರಬೇಕು. ಬಿಚ್ಚಿದ ಭಾಗಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಇಡಿ, ಜೋಡಿಸುವಾಗ ಬಲದಿಂದ ಎತ್ತಿಕೊಳ್ಳಿ. ತಲೆ ಖಾಲಿಯಾದರೂ ಕೈ ತಪ್ಪುವುದಿಲ್ಲ.

ಫೈರಿಂಗ್‌ನಲ್ಲಿ ಗುಂಡು ಚದುರಲು ಮುಖ್ಯ ಕಾರಣ ಟ್ರಿಗರ್ ಜಗ್ಗುವುದು. ಸದ್ದು ಬರುತ್ತದೆ ಎಂದು ಮೊದಲೇ ಕಣ್ಣು ಮುಚ್ಚಿ ಭುಜ ಕೊಡುತ್ತೇವೆ, ನಳಿಗೆ ಓರೆಯಾಗುತ್ತದೆ. ಉಸಿರು ಎಳೆದು, ಅರ್ಧ ಬಿಟ್ಟು, ತಡೆದು, ನಿಂಬೆಹಣ್ಣು ಹಿಂಡಿದ ಹಾಗೆ ನಿಧಾನಕ್ಕೆ ಒತ್ತಿ. ಗುರಿಯ ನಡುವೆ ಬೀಳಲಿಲ್ಲ ಎಂದು ಪ್ರತಿ ಗುಂಡಿಗೂ ಗುರಿ ಬದಲಿಸಬೇಡಿ. ಐದೂ ಒಂದೇ ಕಡೆ ಬಿದ್ದರೆ ಅದೇ ಒಳ್ಳೆಯ ಗ್ರೂಪಿಂಗ್. ಗುಂಡು ಹಾರದಿದ್ದರೆ ನಳಿಗೆಯನ್ನು ಟಾರ್ಗೆಟ್ ಕಡೆಯೇ ಇಟ್ಟು ಕೈ ಎತ್ತಿ. ಏನಾಯಿತು ಎಂದು ರೈಫಲ್ ಹಿಡಿದುಕೊಂಡೇ ಉಸ್ತಾದರ ಕಡೆ ತಿರುಗುವುದು ರೇಂಜಿನಲ್ಲಿ ಮಾಡಬಹುದಾದ ಅತಿ ದೊಡ್ಡ ತಪ್ಪು.

ಯಾವ ಗ್ರೇಡ್ ಬೇಕು ಎನ್ನುವುದನ್ನೂ ಈಗಲೇ ತೀರ್ಮಾನಿಸಿ. 'ಸಿ' ಸರ್ಟಿಫಿಕೇಟಿನಲ್ಲಿ ಎ, ಬಿ, ಸಿ ಎಂದು ಗ್ರೇಡ್ ಇರುತ್ತದೆ. ಸರ್ಟಿಫಿಕೇಟಿನ ಅಕ್ಷರ ಬೇರೆ, ಗ್ರೇಡಿನ ಅಕ್ಷರ ಬೇರೆ, ಗೊಂದಲ ಮಾಡಿಕೊಳ್ಳಬೇಡಿ. ಸೇನೆಯಲ್ಲಿ ಅಧಿಕಾರಿಯಾಗಲು ಇರುವ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಕನಿಷ್ಠ ಬಿ ಗ್ರೇಡ್ ಬೇಕು, ಡಿಗ್ರಿಯಲ್ಲಿ 50 ಶೇಕಡಾ ಬೇಕು, ವಯಸ್ಸು 19ರಿಂದ 25. ಅದರಲ್ಲಿ ಲಿಖಿತ ಪರೀಕ್ಷೆ ಇಲ್ಲ, ಅರ್ಜಿಯಲ್ಲಿ ಆಯ್ಕೆಯಾದರೆ ನೇರ ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ) ಸಂದರ್ಶನ. ಸುಮ್ನೆ ಪಾಸಾದರೆ ಸಾಕು ಎಂದು ಸಿ ಗ್ರೇಡ್ ತಂದುಕೊಂಡು ಆಮೇಲೆ ಈ ನಿಯಮ ಓದಿ ತಲೆ ಚಚ್ಚಿಕೊಂಡವರು ಇದ್ದಾರೆ. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಗಳ ನೇರ ನೇಮಕಾತಿ ಪರೀಕ್ಷೆಯಲ್ಲಿ 'ಸಿ'ಗೆ 5 ಶೇಕಡಾ, 'ಬಿ'ಗೆ 3, 'ಎ'ಗೆ 2 ಬೋನಸ್ ಅಂಕ ಇದೆ.

ಹಂತ 10: ಸರ್ಟಿಫಿಕೇಟ್ ಇಸ್ಕೊಳ್ಳುವುದು

ಪರೀಕ್ಷೆ ಆಯಿತು, ಡಿಗ್ರಿ ಮುಗಿಯಿತು, ಎಲ್ಲರೂ ಊರಿಗೆ. ಸರ್ಟಿಫಿಕೇಟ್ ಬರುವುದು ತಿಂಗಳುಗಳ ನಂತರ. ಅಷ್ಟರಲ್ಲಿ ಮೊಬೈಲ್ ನಂಬರ್ ಬದಲಾಗಿರುತ್ತದೆ. ಹೋಗುವ ಮೊದಲು ಎಎನ್‌ಒ ಹತ್ತಿರ ಇಬ್ಬರ ನಂಬರ್ ಬಿಟ್ಟು ಹೋಗಿ, ನಿಮ್ಮದು ಮತ್ತು ಮನೆಯವರದು. ವಾಪಸ್ ಕೊಡಬೇಕಾದ ಸಾಮಾನು ಏನಾದರೂ ಇದ್ದರೆ ಬೆಲ್ಟು, ಬ್ಯಾಜು ಸಮೇತ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳಿ. ಒಂದು ಬೆಲ್ಟಿನ ಬಾಕಿಗೆ ಸರ್ಟಿಫಿಕೇಟ್ ತಡೆದಿಟ್ಟದ್ದೂ ಉಂಟು.

ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಕು, ರೆಜಿಮೆಂಟಲ್ ನಂಬರ್, ಗ್ರೇಡ್, ಸಹಿ, ಸೀಲು. ತಪ್ಪಿದ್ದರೆ ಅದೇ ದಿನ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಅದೇ ವಾರ ಯೂನಿಟ್‌ಗೆ ಹೋಗಿ. ಲ್ಯಾಮಿನೇಶನ್ ಮಾಡಿಸಬೇಡಿ, ಆಮೇಲೆ ತಿದ್ದಿಸುವುದೂ ಕಷ್ಟ, ಮೂಲ ಪ್ರತಿ ಎಂದು ಪರಿಶೀಲಿಸುವುದೂ ಕಷ್ಟ. ಸ್ಕ್ಯಾನ್ ಮಾಡಿ ಮೇಲ್‌ನಲ್ಲಿ ಒಂದು, ಮನೆಯ ಕಂಪ್ಯೂಟರಿನಲ್ಲಿ ಒಂದು ಇಡಿ. ಕ್ಯಾಂಪ್ ಸರ್ಟಿಫಿಕೇಟ್‌ಗಳನ್ನೂ ಎಸೆಯಬೇಡಿ. ಎಸ್‌ಎಸ್‌ಬಿ ಸಂದರ್ಶನದಲ್ಲಿ ನಿಮ್ಮನ್ನು ಕೇಳುವುದು ಆ ಕ್ಯಾಂಪುಗಳಲ್ಲಿ ನೀವು ಏನು ಮಾಡಿದಿರಿ ಎಂದೇ, ಆಗ ಯಾವ ತಿಂಗಳು, ಎಲ್ಲಿ, ಎಷ್ಟು ದಿನ ಎಂದು ತಡಕಾಡಬಾರದು. ತಮ್ಮನೋ ತಂಗಿಯೋ ಹೈಸ್ಕೂಲಿನಲ್ಲಿ ಎನ್‌ಸಿಸಿ ಮಾಡುತ್ತಿದ್ದರೆ ಅವರ ಕಾಗದಕ್ಕೂ ಇದೇ ಫೈಲಿನಲ್ಲಿ ಜಾಗ ಮಾಡಿ, ಸಿಇಟಿಯಲ್ಲಿ ಎನ್‌ಸಿಸಿ ವಿಭಾಗದ ಸೀಟು ಕೇಳುವಾಗ ಮೂಲ ಪತ್ರಗಳನ್ನೇ ತೋರಿಸಬೇಕು.